ಎರಡು ಪಾವು ಅಕ್ಕಿ

"ಆ ದಪ್ಪ ಕಂಡಕ್ಟ್ರು ಎಲ್ಲಿಗೆ ಹೋದ?" ಎಂದು ಹೊನ್ನಿ ನನ್ನನ್ನೇ ಕೇಳಿದಳು.

ಹೊನ್ನಿ ಮಾವಿನಕುರ್ವೆಯವಳು. ಹದಿನೈದು ವರ್ಷ ನನ್ನ ಬಸ್ಸು ಹತ್ತಿದವಳು. ಹೊನ್ನಾವರದ ಸ್ಟ್ಯಾಂಡಿನಲ್ಲಿ ಅವಳು ಮೀನಿನ ಬುಟ್ಟಿ ಇಟ್ಟುಕೊಂಡು ನಿಂತರೆ ಉಳಿದ ಕಂಡಕ್ಟರುಗಳು ಮೂಗು ಮುಚ್ಚಿಕೊಂಡು ರೈಟ್ ಹೇಳಿಬಿಡುತ್ತಿದ್ದರು. ನಾನು ಮಾತ್ರ ಕೆಳಗಿಳಿದು ಬುಟ್ಟಿಗೆ ಕೈ ಕೊಟ್ಟು, ಹಿಂದಿನ ಸೀಟಿನ ಅಡಿಗೆ ಸರಿಸಿ, ಅವಳನ್ನು ಕೂರಿಸಿ ಹೊರಡುತ್ತಿದ್ದೆ. ಎರಡು ವರ್ಷದ ಮೇಲೆ ಅವಳನ್ನು ನೋಡುತ್ತಿದ್ದೇನೆ. ಅದೇ ಬುಟ್ಟಿ, ಅದೇ ಭಟ್ಕಳ–ಕುಮಟಾ ಬಸ್ಸು, ಎದುರಿಗೆ ಅದೇ ನಾನು. ಫ್ರೀ ಟಿಕೆಟಿಗೆ ಆಧಾರ್ ಕಾರ್ಡು ಚಾಚಿ, ನನ್ನ ಮುಖವನ್ನು ನೋಡುತ್ತಲೇ ನನ್ನ ಸುದ್ದಿ ವಿಚಾರಿಸುತ್ತಿದ್ದಾಳೆ.

ನಾನೇ ಅವನು ಎನ್ನಬಹುದಿತ್ತು. ಆದರೆ ನಾನೇ ಎಂದರೆ ಮುಂದಿನದು ನನಗೆ ಗೊತ್ತು. ಮೊದಲು ಬಾಯಿ ತೆರೆಯುತ್ತಾರೆ. ಆಮೇಲೆ ಸಕ್ಕರೆ ಕಾಯಿಲೆಯಾ, ಕ್ಯಾನ್ಸರಾ ಎನ್ನುತ್ತಾರೆ. ಆಪರೇಷನ್ ಎಂದರೆ ಹೊಟ್ಟೆ ನೋಡುತ್ತಾರೆ, ಅಂಗಿ ಎತ್ತಿ ತೋರಿಸಲಿ ಅನ್ನುವ ಹಾಗೆ. ಆ ದಿನ ನನಗೆ ಅದೆಲ್ಲ ಬೇಡವಾಗಿತ್ತು.

"ಟ್ರಾನ್ಸ್‌ಫರ್ ಆತು. ಕಾರವಾರಕ್ಕೆ" ಎಂದೆ.

"ಅಯ್ಯೋ! ಒಳ್ಳೆ ಮನ್ಷ ಆಗಿದ್ದ" ಎಂದಳು ಹೊನ್ನಿ. ಟಿಕೆಟು ಮಡಚಿ ಎಲೆಯಡಿಕೆ ಚೀಲಕ್ಕೆ ಸೇರಿಸಿ, ನನ್ನನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, "ನೀ ಸ್ವಲ್ಪ ಸಿಡುಕ" ಎಂದೂ ಸೇರಿಸಿದಳು.

ಡ್ರೈವರ್ ಜಟ್ಟ ಕನ್ನಡಿಯಲ್ಲಿ ನನ್ನನ್ನು ನೋಡಿ ಹಲ್ಲು ಕಿರಿದ. ಜಟ್ಟ ನನ್ನ ಜೊತೆ ಹನ್ನೊಂದು ವರ್ಷದಿಂದ ಇರುವವನು. ಕರ್ಕಿ ದಾಟುವಾಗ ನಾನು ಮೂರನೇ ಸಲ ಬಸ್ಸಿನ ಹಿಂದಿನಿಂದ ಮುಂದಕ್ಕೆ ಬಂದಿದ್ದೆ. "ಕೂತ್ಕ ಮಾರಾಯಾ" ಎಂದ. "ನೀ ತಿರುಗೂದು ನೋಡಿ ಬಸ್ಸಿಗೇ ತಲೆ ತಿರುಗ್ತದೆ."

ಕೂರುವುದೇ ನನಗೆ ಕಷ್ಟವಾಗಿತ್ತು. ಮೊದಲು ಏಳುವುದು ಕಷ್ಟವಿತ್ತು, ಈಗ ಇದು.

ನನ್ನ ಹೆಸರು ಅಣ್ಣಪ್ಪ ನಾಯ್ಕ. ಭಟ್ಕಳದ ಹತ್ತಿರ ಹೆಬಳೆಯಲ್ಲಿ ಮನೆ. ಒಂದು ಕಾಲಕ್ಕೆ ನೂರಾ ಮೂವತ್ತೆಂಟು ಕಿಲೋ ಇದ್ದೆ. ಬಸ್ಸಿನ ನಡುವೆ ಅಡ್ಡಡ್ಡ ನಡೆದರೂ ಎರಡೂ ಕಡೆಯ ಪ್ರಯಾಣಿಕರ ಭುಜ ಒರೆಸಿಕೊಂಡೇ ಹೋಗಬೇಕಿತ್ತು. ಕೊನೆಗೆ ಸಾಹೇಬರು ನನ್ನನ್ನು ಡಿಪೋದ ಒಳಗೆ ಕೂರಿಸಿದರು. ಮೊಣಕಾಲು ಹೋಗಿತ್ತು, ಶುಗರ್ ಏರಿತ್ತು, ನಿದ್ದೆಯಲ್ಲಿ ಉಸಿರು ನಿಲ್ಲುತ್ತಿತ್ತು. ಮಂಗಳೂರಿನ ಡಾಕ್ಟರು ಕಾಗದದ ಮೇಲೆ ಹೊಟ್ಟೆಯ ಚಿತ್ರ ಬರೆದು, ಇಷ್ಟು ತೆಗೆಯುತ್ತೇವೆ ಎಂದು ಪೆನ್ನಿನಿಂದ ಗೀಟು ಎಳೆದರು. ಉಳಿಸುತ್ತೇವೆಂದದ್ದು ಒಂದು ಬಾಳೆಕಾಯಿಯಷ್ಟು. ಹದಿನಾಲ್ಕು ತಿಂಗಳಾಯಿತು. ಈಗ ಎಂಬತ್ತೊಂದು ಕಿಲೋ.

ಆಪರೇಷನ್ನಿಗೆ ಮೊದಲು ಆಸ್ಪತ್ರೆಯ ಕೌನ್ಸೆಲರ್ ಹುಡುಗಿಯೊಬ್ಬಳು ಮುಂದೆ ಕೂರಿಸಿಕೊಂಡು ಮಾತಾಡಿದ್ದಳು. "ಊಟದ ಜೊತೆ ನೀವು ಇನ್ನೂ ಏನೇನು ನುಂಗಿದ್ದೀರೋ ಅದೆಲ್ಲ ಇನ್ನು ಮೇಲೆ ಬರುತ್ತೆ, ತಯಾರಾಗಿರಿ" ಎಂದಿದ್ದಳು. ಗ್ಯಾಸಿನ ವಿಷಯ ಹೇಳುತ್ತಿದ್ದಾಳೆಂದು ತಲೆಯಾಡಿಸಿ ಬಂದಿದ್ದೆ.

ಅವಳು ಗ್ಯಾಸಿನ ವಿಷಯ ಹೇಳಿರಲಿಲ್ಲ. ನನಗೆ ಸಿಟ್ಟು ಬಂದರೆ ನಾನು ಹೊನ್ನಾವರದ ಕ್ಯಾಂಟೀನಿನಲ್ಲಿ ಎರಡು ಪ್ಲೇಟು ಗೋಳಿಬಜೆ ತಿನ್ನುತ್ತಿದ್ದೆ, ಸಿಟ್ಟು ಇಳಿಯುತ್ತಿತ್ತು. ನನ್ನ ಹೆತ್ತ ಆಯಿ ಸತ್ತಾಗ ಎಲ್ಲರೂ ಅತ್ತರು, ನಾನು ದೋಸೆ ತಿಂದೆ. ಮಗಳು ಪ್ರಣಿತಾ ನರ್ಸಿಂಗ್ ಓದಲು ಉಡುಪಿಗೆ ಹೋದ ದಿನ ಒಂದು ಕಿಲೋ ಶೆಟ್ಲಿ, ಅಂದರೆ ಸಿಗಡಿ, ತಂದು ಸುಕ್ಕ ಮಾಡಿಸಿದ್ದೆ. ಇದೆಲ್ಲ ದುಃಖವೆಂದು ನನಗೆ ಆಗ ಗೊತ್ತಿರಲಿಲ್ಲ, ಹಸಿವೆಂದೇ ತಿಳಿದಿದ್ದೆ. ಈಗ ಸಿಟ್ಟು ಬಂದರೆ ಸಿಟ್ಟೇ ಬರುತ್ತದೆ. ಹೊಟ್ಟೆಗೆ ಏನೂ ಬೇಡ, ತಲೆಗೆ ಬೇಕು. ಕ್ಯಾಂಟೀನಿನ ಎದುರು ನಿಂತು ಎಣ್ಣೆಯ ವಾಸನೆ ಕುಡಿದು, ಒಂದು ಪ್ಲೇಟು ಕೊಂಡು, ಅರ್ಧ ಬಜೆ ಕಚ್ಚಿ, ಉಳಿದದ್ದನ್ನು ಜಟ್ಟನ ಕೈಗೆ ಕೊಟ್ಟು ಸ್ಟ್ಯಾಂಡಿನ ಸುತ್ತ ತಿರುಗುತ್ತೇನೆ. ಜಟ್ಟ ಬೇಡ ಅಂದದ್ದೇ ಇಲ್ಲ.

ಎಲ್ಲರೂ ಹೊಗಳುತ್ತಾರೆ, ಅದು ಇನ್ನೊಂದು ಉರಿ. ಡಿಪೋದ ಸಾಹೇಬರು ಮತ್ತೆ ಬಸ್ಸಿನ ಡ್ಯೂಟಿ ಕೊಡುವಾಗ ಬೆನ್ನು ತಟ್ಟಿ "ಈಗ ಮನುಷ್ಯನ ಹಾಗೆ ಕಾಣ್ತೀರಿ ನೋಡಿ" ಎಂದರು. ನಾನು ಥ್ಯಾಂಕ್ಸ್ ಹೇಳಿದೆ. ಹೊರಗೆ ಬಂದ ಮೇಲೆ ತಲೆ ಸಿಡಿಯಿತು. ಹಾಗಾದರೆ ಇಪ್ಪತ್ತಾರು ವರ್ಷ ಟಿಕೆಟು ಹರಿದವನು ಎಮ್ಮೆಯಾಗಿದ್ದನೇ? ಆ ದಿನ ಶಿರಾಲಿಯಲ್ಲಿ ಚಿಲ್ಲರೆ ಇಲ್ಲವೆಂದ ಒಬ್ಬ ಮೇಷ್ಟರ ಮೇಲೆ ಹಾರಾಡಿದೆ. ಪಾಪ, ಅವರ ತಪ್ಪೇನೂ ಇರಲಿಲ್ಲ.

ಇವನ್ನೆಲ್ಲ ಹೇಗೋ ತಡೆದುಕೊಳ್ಳುತ್ತಿದ್ದೆ. ತಡೆಯಲಾಗದ್ದು ಒಂದೇ. ನನ್ನ ಹೆಂಡತಿ ವನಮಾಲಾ ನನ್ನಿಂದ ದೂರ ಹೋಗುತ್ತಿದ್ದಳು.

ಮೊದಲು ಹಾಸಿಗೆ ಬೇರೆಯಾಯಿತು. ಪ್ರಣಿತಾಳ ಕೋಣೆಗೆ ಚಾಪೆ ದಿಂಬು ಒಯ್ದಳು. ಯಾಕೆಂದು ಕೇಳಿದರೆ, "ನಿಮ್ಮ ಗೊರಕೆ ಇಲ್ದೆ ನಂಗೆ ನಿದ್ದೆ ಬರೂದಿಲ್ಲ" ಎಂದಳು. ಇದೊಂದು ಕಾರಣವೇ? ನನಗೆ ಗೊತ್ತಿತ್ತು ಕಾರಣ ಏನೆಂದು. ಅಂಗಿ ತೆಗೆದರೆ ನನ್ನ ಚರ್ಮ ಹೊಟ್ಟೆಯ ಮೇಲೆ, ತೋಳಿನ ಕೆಳಗೆ ಜೋತಾಡುತ್ತದೆ. ಅದನ್ನು ನೋಡಲಾರಳು ಎಂದುಕೊಂಡೆ. ಆಮೇಲೆ ನನ್ನ ಜೊತೆ ಎಲ್ಲಿಗೂ ಬರುವುದನ್ನು ಬಿಟ್ಟಳು. ಪೇಟೆಗೆ ಬಾ ಎಂದರೆ ಕೆಲಸವಿದೆ. ಮುರ್ಡೇಶ್ವರಕ್ಕೆ ಹೋಗುವ ಎಂದರೆ ಮೊಣಕಾಲು ನೋವು. ದಿನವಿಡೀ ನೈಟಿಯಲ್ಲೇ ಇರುತ್ತಿದ್ದಳು, ಹೊಸ ಹೊಸ ನೈಟಿ ಬರುತ್ತಿತ್ತು. ನಾನು ಸಂಜೆ ಮನೆಗೆ ಬಂದರೆ ತಟ್ಟೆ ಇಟ್ಟು, ನನ್ನ ಮುಖ ನೋಡದೆ ಒಲೆಯ ಕಡೆ ತಿರುಗುತ್ತಿದ್ದಳು.

ಆ ತಟ್ಟೆಯೇ ನಮ್ಮ ಜಗಳದ ಮೂಲ. ಡಾಕ್ಟರು ಹೇಳಿದ್ದು ಒಂದು ಹೊತ್ತಿಗೆ ನಾಲ್ಕೈದು ಚಮಚ. ವನಮಾಲಾ ಬಡಿಸುತ್ತಿದ್ದದ್ದು ಹಿಂದಿನ ಹಾಗೆಯೇ, ಕುಚ್ಚಲಕ್ಕಿ ಅನ್ನದ ಗುಡ್ಡೆ, ಅದರ ಪಕ್ಕ ಎರಡು ಬಂಗಡೆ, ಮೇಲೆ ಸಾರು. ಮೊದಮೊದಲು ನಯವಾಗಿ ಹೇಳಿದೆ. ಆಮೇಲೆ ಕೂಗಿದೆ. ಡಾಕ್ಟರ ಚೀಟಿಯನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿದೆ. ಅವಳು ಚೀಟಿಯ ಪಕ್ಕದಲ್ಲೇ ನಿಂತು ಗುಡ್ಡೆ ಬಡಿಸುತ್ತಿದ್ದಳು. ನಾನು ನಾಲ್ಕು ತುತ್ತು ತೆಗೆದುಕೊಂಡು, ಒಂದೊಂದನ್ನೂ ಮೂವತ್ತು ಸಲ ಅಗಿದು, ಐದನೆಯದಕ್ಕೆ ಎದೆ ಕಟ್ಟಿದಂತಾಗಿ ಎದ್ದುಬಿಡುತ್ತಿದ್ದೆ. "ಇಷ್ಟೇಯಾ?" ಎನ್ನುತ್ತಿದ್ದಳು ಅವಳು, ದಿನವೂ, ಮೊದಲ ಸಲ ನೋಡುತ್ತಿರುವ ಹಾಗೆ. ನಾನು ಚಪ್ಪಲಿ ಮೆಟ್ಟಿ ಹೆಬಳೆಯ ಗದ್ದೆಯ ದಾರಿಯಲ್ಲಿ ದುರದುರನೆ ನಡೆಯುತ್ತಿದ್ದೆ. ಊಟದ ವಾಸನೆಯಿಂದ ದೂರ ಹೋದರೆ ಸಾಕಿತ್ತು. ಬಿಟ್ಟು ಬಂದ ತಟ್ಟೆ ಏನಾಗುತ್ತದೆ ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ. ಆಯಿ ಇದ್ದಾಗ ಮನೆಯಲ್ಲಿ ಕೋಳಿಗಳಿದ್ದವು, ಅವು ಹೋಗಿ ನಾಲ್ಕು ವರ್ಷವಾದರೂ ತಟ್ಟೆಯ ಅನ್ನ ಕೋಳಿಗೆ ಹೋಗುತ್ತದೆ ಎಂಬ ಲೆಕ್ಕವೇ ನನ್ನ ತಲೆಯಲ್ಲಿತ್ತೋ ಏನೋ.

ಪ್ರಣಿತಾ ಉಡುಪಿಯಿಂದ ಫೋನು ಮಾಡಿದಾಗ ಒಮ್ಮೆ, "ಅಪ್ಪ, ಅಮ್ಮನ್ನ ಸ್ವಲ್ಪ ನೋಡ್ಕಣಿ" ಎಂದಳು. ತಾಯಿ ಮಗಳು ಸೇರಿ ನನ್ನ ವಿರುದ್ಧ ಮಾತಾಡಿಕೊಂಡಿದ್ದಾರೆಂದು ನನಗೆ ಕೋಪ ಬಂತು. "ನಂಗೆ ಯಾರು ನೋಡೂದು?" ಎಂದು ಕೇಳಿ ಫೋನಿಟ್ಟೆ.

ಸತ್ಯ ಹೇಳಬೇಕೆಂದರೆ ಆ ಹದಿನಾಲ್ಕು ತಿಂಗಳು ನಾನು ನನ್ನನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಬಸ್ಸಿನ ಗಾಜಿನಲ್ಲಿ ನನ್ನನ್ನು ನೋಡುತ್ತಿದ್ದೆ, ಚಿನ್ನದಂಗಡಿಯ ಕನ್ನಡಿಯಲ್ಲಿ ನೋಡುತ್ತಿದ್ದೆ, ಶರಾವತಿ ಸೇತುವೆ ದಾಟುವಾಗ ಕಿಟಕಿಯಲ್ಲಿ ಮೂಡುವ ನೆರಳನ್ನೂ ಬಿಡುತ್ತಿರಲಿಲ್ಲ. ಪ್ಯಾಂಟುಗಳನ್ನು ಟೈಲರ್ ಹತ್ತಿರ ಒಳಗೆ ಹಿಡಿಸಿ ಹಿಡಿಸಿ ಎರಡು ಜೇಬು ಹಿಂದೆ ಒಂದಕ್ಕೊಂದು ಮುಟ್ಟುತ್ತಿದ್ದವು. ಕೊನೆಗೆ ಆ ಟೈಲರೇ ಕೈಮುಗಿದು ಹೊಸದು ಹೊಲಿಸಿಕೊಳ್ಳಿ ಎಂದ.

ಮಾಘದಲ್ಲಿ ಕಾಗಾಲದಿಂದ ಮದುವೆಯ ಕರೆ ಬಂತು. ಕಾಗಾಲ ಕುಮಟಾದ ಆಚೆ, ನನ್ನ ಸೋದರತ್ತೆಯ ಮನೆ. ಅವಳ ಮೊಮ್ಮಗಳ ಮದುವೆ. ಇದಕ್ಕೂ ವನಮಾಲಾ ಬರುವುದಿಲ್ಲ ಎಂದಳು. ನಾನು ಬಿಡಲಿಲ್ಲ. "ನನ್ನ ಜೊತೆ ಹೊರಗೆ ಕಾಣೂಕೆ ನಾಚಿಕೆಯಾ?" ಎಂದು ಕೇಳಿಯೇಬಿಟ್ಟೆ. ಏನೋ ಹೇಳಲು ಹೊರಟವಳು ನುಂಗಿಕೊಂಡು, "ಬತ್ತೆ" ಎಂದಳು.

ಮದುವೆ ಮನೆಯಲ್ಲಿ ನಾನು ನನ್ನ ಹೊಸ ಪ್ಯಾಂಟಿನಲ್ಲಿ ಚಪ್ಪರದ ಈ ತುದಿಯಿಂದ ಆ ತುದಿಗೆ ಓಡಾಡುತ್ತ ನಾನೇ, ನಾನೇ ಎಂದು ಗುರುತು ಹೇಳುತ್ತಿದ್ದೆ. ವನಮಾಲಾ ಹೆಂಗಸರ ನಡುವೆಯೂ ಕೂರದೆ ಕಂಬದ ಹಿಂದೆ ಸೆರಗು ಹೊದ್ದು ನಿಂತಿದ್ದಳು. ಊಟಕ್ಕೆ ಕರೆದರು, ವನಮಾಲಾ ನನ್ನ ಪಕ್ಕದ ಎಲೆಗೆ ಬಂದು ಕೂತಳು. ಅತ್ತೆಯ ಮನೆಯಲ್ಲಿ ಈಗಲೂ ನೆಲದ ಪಂಕ್ತಿ, ಕೈಲಾಗದವರಿಗೆ ಮಾತ್ರ ಮೇಜು. ಕೂತು ಬಾಳೆ ಎಲೆಗೆ ನೀರು ಚಿಮುಕಿಸಿದ ಮೇಲೆಯೇ ನನಗೆ ಹೊಳೆದದ್ದು, ಪಂಕ್ತಿಯಿಂದ ನಡುವೆ ಏಳುವಂತಿಲ್ಲ. ಕೊನೆಯ ಹಿರಿಯರು ಮಜ್ಜಿಗೆ ಅನ್ನ ಮುಗಿಸಿ ಎದ್ದ ಮೇಲೆಯೇ ಎಲ್ಲರೂ ಏಳಬೇಕು. ನಡುವೆ ಎದ್ದರೆ ಪಕ್ಕದವರಿಗೂ ಮನೆಯವರಿಗೂ ಅವಮಾನ. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ನಾನು ತುಂಬಿದ ಎಲೆಯ ಮುಂದೆ ಅಲ್ಲಾಡದೆ ಕೂರಬೇಕಾಯಿತು, ಮುಕ್ಕಾಲು ಗಂಟೆ.

ಅಲ್ಲಿ ನನಗೆ ಹೆಸರಿತ್ತು. ಎಂದೋ ಒಂದು ಮದುವೆಯಲ್ಲಿ ಹದಿನೇಳು ಹೋಳಿಗೆ ತಿಂದವನು ನಾನು, ಜನ ಚಪ್ಪಾಳೆ ಹೊಡೆದಿದ್ದರು. ಬಡಿಸುವವರು ನನ್ನ ಮುಂದೆ ಬಂದರೆ, ಎದುರು ಸಾಲಿನಿಂದ ಅತ್ತೆಯ ಮಗ ವಿಶ್ವನಾಥ ಬಾವ ಕೂಗುತ್ತಿದ್ದ: "ಅಣ್ಣಪ್ಪಂಗೆ ಹಾಕಿ, ಕೈ ಅಡ್ಡ ಹಿಡಿದ್ರೆ ಕೈ ಮೇಲೇ ಹಾಕಿ!" ಅನ್ನ ಬಂತು, ಸಾಂಬಾರು ಬಂತು, ಹೋಳಿಗೆ ಒಂದರ ಮೇಲೊಂದು ಬಂತು, ಪಾಯಸ ಹರಿದು ಪಲ್ಯಕ್ಕೆ ಸೇರಿತು. ನಾನು ನಾಲ್ಕು ತುತ್ತು ಅಗಿದು ನಿಲ್ಲಿಸಿದೆ. ಬೆವರು ಬಂತು. ಓಡಿಹೋಗಬೇಕು ಅನಿಸಿತು, ಕಾಲು ತಾನೇ ಅಲುಗಾಡುತ್ತಿತ್ತು. ತಲೆ ತಗ್ಗಿಸಿ ಎಲೆಯನ್ನೇ ನೋಡುತ್ತ ಕೂತೆ.

ಆಗ ವನಮಾಲಾಳ ಎಡಗೈ ನನ್ನ ಎಲೆಯ ಅಂಚನ್ನು ಹಿಡಿದು ಮೆಲ್ಲಗೆ ತನ್ನ ಕಡೆ ಎಳೆಯಿತು. ಬಲಗೈ ನನ್ನ ಅನ್ನವನ್ನು ತನ್ನ ಎಲೆಗೆ ಸರಿಸಿತು. ಅವಳು ನನ್ನ ಕಡೆ ನೋಡಲೂ ಇಲ್ಲ. ಕಲಸಿದಳು, ನುಂಗಿದಳು, ಮತ್ತೆ ಸರಿಸಿದಳು. ಎಷ್ಟು ಅಭ್ಯಾಸವಾದ ಕೈ ಎಂದರೆ ಅಕ್ಕಪಕ್ಕದವರಿಗೆ ಗೊತ್ತೇ ಆಗಲಿಲ್ಲ. ಅಷ್ಟು ಹೊತ್ತಿಗೆ ಅವಳ ಪಾಲಿನ ಊಟ ಮುಗಿದಿತ್ತು. ಅವಳಿಗೆ ಹಸಿವಿರಲಿಲ್ಲ, ಅದು ಗೊತ್ತಾಗುತ್ತಿತ್ತು. ಹಸಿವಿಲ್ಲದೆ ತಿನ್ನುವ ಮುಖ ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಕಣ್ಣು ಅರ್ಧ ಮುಚ್ಚಿ, ಉಸಿರು ಬಿಗಿಹಿಡಿದು, ಕೆಲಸ ಮುಗಿಸುವ ಹಾಗೆ ತಿನ್ನುತ್ತಿದ್ದಳು.

ನಾನು ಅವಳನ್ನು ನೋಡಿದೆ. ಬೇರೆ ನೋಡಲು ಏನೂ ಇರಲಿಲ್ಲ, ಏಳುವ ಹಾಗೂ ಇರಲಿಲ್ಲ. ಅವಳ ಉಂಗುರ ಬೆರಳಿನ ಮಾಂಸದೊಳಗೆ ಹೂತಿತ್ತು. ಬಳೆ ಮಣಿಕಟ್ಟಿನಲ್ಲಿ ಗೀರು ಎಳೆದಿತ್ತು. ರವಿಕೆಯ ಪಕ್ಕದ ಹೊಲಿಗೆ ಬಿಚ್ಚಿ, ಬೇರೆ ಬಟ್ಟೆಯ ಪಟ್ಟಿ ಸೇರಿಸಿ ಅಗಲ ಮಾಡಿದ್ದಳು. ಆ ಬಣ್ಣ ಹೊಂದಿರಲಿಲ್ಲ, ಅದಕ್ಕೇ ಸೆರಗು ಹೊದ್ದಿದ್ದಳು. ಅತ್ತ ನಾನು ಪ್ಯಾಂಟು ಒಳಗೆ ಹಿಡಿಸುತ್ತಿದ್ದ ದಿನಗಳಲ್ಲಿ ಇತ್ತ ಇವಳು ಮನೆಯಲ್ಲಿ ಕೂತು ರವಿಕೆ ಬಿಚ್ಚಿ ಹೊಲಿಯುತ್ತಿದ್ದಳು. ಒಂದೇ ಮನೆಯಲ್ಲಿ. ನನಗೆ ಕಾಣಲಿಲ್ಲ.

ಪಂಕ್ತಿ ಎದ್ದಿತು. ವನಮಾಲಾಳಿಗೆ ಏಳಲಾಗಲಿಲ್ಲ. ಒಂದು ಕೈ ನೆಲಕ್ಕೆ ಊರಿ, ಮೊಣಕಾಲಿನ ಮೇಲೆ ಬಂದು, ಅಲ್ಲೇ ನಿಂತಳು. ನಾನು ಕೈ ಚಾಚಿದೆ, ಅವಳು ಹಿಡಿಯಲಿಲ್ಲ. ವಿಶ್ವನಾಥ ಬಾವ ಕೈ ತೊಳೆಯಲು ಹೋಗುತ್ತಿದ್ದವನು ನಿಂತು ನಕ್ಕ. "ಎಂತ ಅಣ್ಣಪ್ಪ, ನಿನ್ನ ಮೈ ಎಲ್ಲ ವನಮಾಲಕ್ಕಂಗೆ ಟ್ರಾನ್ಸ್‌ಫರ್ ಮಾಡಿದ್ಯಾ?"

ಸುತ್ತಲಿನವರು ನಕ್ಕರು. ಕೆಟ್ಟ ಮನಸ್ಸಿನ ನಗೆಯೇನಲ್ಲ, ಮದುವೆ ಮನೆಯ ನಗೆ. ನಾನು ಬಾವನ ಕಾಲರ್ ಹಿಡಿಯಬಹುದಿತ್ತು. ನಾನೂ ನಕ್ಕು ಬಿಡಬಹುದಿತ್ತು. ಎರಡೂ ಮಾಡಲಿಲ್ಲ. ಹೆಂಡತಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಅಷ್ಟು ಎಂತಕ್ಕೆ ತಿಂತೀ?" ಎಂದು ಕಿರುಚಿದೆ.

ಬಾಯಿಂದ ಬಿದ್ದ ಕ್ಷಣಕ್ಕೇ ಅದು ಯಾರ ಮಾತೆಂದು ನನಗೆ ತಿಳಿಯಿತು. ನನ್ನ ಅಪ್ಪ ಹೇಳಿದ್ದ ಮಾತು ಅದು. ಶಾಲೆಯ ಮೇಷ್ಟ್ರು, ಡಿಪೋದ ಸಾಹೇಬರು, ಬಸ್ಸಿನಲ್ಲಿ ನನ್ನ ಪಕ್ಕ ಕೂರಬೇಕಾಗಿ ಬಂದ ಪ್ರತಿಯೊಬ್ಬನೂ ಬಾಯಿಬಿಟ್ಟು ಅಥವಾ ಬಿಡದೆ ಹೇಳಿದ್ದ ಮಾತು. ಆ ಮಾತನ್ನು ನನಗೆ ಒಮ್ಮೆಯೂ ಹೇಳದ ಒಬ್ಬಳೇ ಒಬ್ಬಳಿಗೆ ನಾನು ಅದನ್ನು ಹೇಳಿದ್ದೆ.

ವನಮಾಲಾ ಕಂಬ ಹಿಡಿದು ತಾನೇ ಎದ್ದಳು. ಸೆರಗು ಸರಿಮಾಡಿಕೊಂಡಳು. "ಹೊರಡುವ" ಎಂದಳು.

ಕುಮಟಾದಿಂದ ಭಟ್ಕಳದವರೆಗೆ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಪಕ್ಕದ ಸೀಟು ಖಾಲಿಯಿತ್ತು. ನಾನು ನಿಂತಿದ್ದೆ. ಕೂರಲು ಮುಖವಿರಲಿಲ್ಲ. ಆ ಬಸ್ಸಿನ ಕಂಡಕ್ಟರ್ ನನಗೆ ಗೊತ್ತಿದ್ದವನು, "ಕೂತ್ಕಣಿ ಅಣ್ಣಪ್ಪಣ್ಣ" ಎಂದು ಎರಡು ಸಲ ಹೇಳಿದ. ಧಾರೇಶ್ವರ, ಹಳದೀಪುರ, ಹೊನ್ನಾವರ, ಮಂಕಿ, ಪ್ರತಿ ಸ್ಟಾಪಿನಲ್ಲೂ ಈಗ ಕೂರುತ್ತೇನೆ, ಈಗ ಮಾತಾಡುತ್ತೇನೆ ಎಂದುಕೊಂಡೆ. ಭಟ್ಕಳ ಬಂದೇಬಿಟ್ಟಿತು.

ಮನೆ ತಲುಪಿದಾಗ ಇನ್ನೂ ಬೆಳಕಿತ್ತು. ಅವಳು ಸೀರೆ ಬದಲಿಸಿ, ನೈಟಿ ಹಾಕಿ, ನೇರ ಅಡಿಗೆಮನೆಗೆ ಹೋದಳು. ನಾನು ಜಗಲಿಯಲ್ಲಿ ನಾಲ್ಕು ಸುತ್ತು ತಿರುಗಿ ಒಳಗೆ ಹೋದೆ. ಅಕ್ಕಿ ಡಬ್ಬಿ ತೆಗೆದು ಪಾವಿನಲ್ಲಿ ಅಳೆದು ಮರಿಗೆಗೆ, ಅಕ್ಕಿ ತೊಳೆಯುವ ಅಗಲ ಪಾತ್ರೆಗೆ, ಹಾಕುತ್ತಿದ್ದಳು. ಒಂದು. ಉಕ್ಕುವಷ್ಟು ತಲೆಕಟ್ಟಿ ಎರಡು. ಇಪ್ಪತ್ನಾಲ್ಕು ವರ್ಷದಿಂದ ಹೊತ್ತಿಗೆ ಎರಡು ಪಾವು.

"ನಾ ಹಾಂಗೆ ಹೇಳ್ಬಾರ್ದಿತ್ತು" ಎಂದೆ.

ಅವಳು ಅಕ್ಕಿಯಲ್ಲಿ ಕಲ್ಲು ಹುಡುಕಿದಳು. ಈಗಿನ ಅಕ್ಕಿಯಲ್ಲಿ ಕಲ್ಲಿರುವುದಿಲ್ಲ.

"ದಿನಾ ನನ್ನ ತಟ್ಟೇದು ನೀನೇ ಉಂಬೂದಾ?"

"ಮತ್ತೆಂತ ಮಾಡೂದು? ಎಂಜಲನ್ನ ಪಾತ್ರೆಗೆ ವಾಪಸ್ ಹಾಕೂಕೆ ಆತದಾ? ಚರಂಡಿಗೆ ಹಾಕೂದಾ?" ಎಂದಳು. "ನೀವು ಎದ್ದು ಹೋತ್ರಿ. ತಿರುಗಿ ಸಹ ನೋಡೂದಿಲ್ಲ. ಬಟ್ಲ ಮುಂದೆ ನಾ ಒಬ್ಳೇ ಕೂತಿರ್ತೆ."

"ಕಡಿಮೆ ಬಡ್ಸಬೇಕಿತ್ತಲ್ಲ ವನು. ಚೀಟಿಯಲ್ಲಿ ಬರ್ದಿತ್ತು. ನಾ ಎಷ್ಟು ಸಲ ಹೇಳಿದೆ!"

ಅವಳು ಅಕ್ಕಿಯ ಮರಿಗೆಯನ್ನು ಕೆಳಗಿಟ್ಟಳು.

"ನಿಮ್ಮ ಆಯಿ ಹೋದ ಮರುದಿನ ನಾ ಎರಡು ಪಾವಿನ ಮೇಲೆ ಹಾಕೂ ಒಂದು ಮುಷ್ಟಿ ಬಿಟ್ಟಿದ್ದೆ. ನಿಮ್ಗೆ ಗೊತ್ತಿಲ್ಲ. ಅದು ನನ್ನ ಕೈಗೆ ಗೊತ್ತು. ಮನೆಲಿ ಅಕ್ಕಿ ಕಡಿಮೆ ಆಗೂದು ಯಾರಾದ್ರೂ ಹೋದ್ರೆ ಮಾತ್ರ. ಮಂಗ್ಳೂರಲ್ಲಿ ನಿಮ್ಮನ್ನ ಒಳಗೆ ಒಯ್ದ ಮೇಲೆ ನಾಕು ಗಂಟೆ ಹೊರಗೆ ಕೂತಿದ್ದೆ. ವಾಪಸ್ ಬಂದ್ರೆ ಸಾಕು, ಎರಡು ಪಾವು ಹಾಕೂದು ಬಿಡೂದಿಲ್ಲ ಅಂತ ದೇವ್ರಿಗೆ ಹೇಳ್ಕಂಡಿದ್ದೆ" ಎಂದಳು. ಆಮೇಲೆ ಸೆರಗಿಲ್ಲದ ನೈಟಿಯ ತೋಳಿನಿಂದ ಮೂಗು ಒರೆಸಿಕೊಂಡು, "ನಾಕು ತುತ್ತು ಅನ್ನ ಎಲೆ ಮೇಲೆ ಇಡೂದು ಕಾಗೆಗೆ. ಗಂಡಂಗೆ ಹಾಂಗೆ ಬಡ್ಸೂಕೆ ನನ್ನ ಕೈಲಿ ಆಗೂದಿಲ್ಲ" ಎಂದಳು.

ಹೊರಗೆ ಹೋಗಬೇಕು, ಗದ್ದೆಯ ದಾರಿಯಲ್ಲಿ ನಡೆಯಬೇಕು ಅನಿಸಿತು. ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು. ನಾಚಿಕೆಯಾಗಿ ನಿಂತೆ. ಅವಳು ನನ್ನಿಂದ ದೂರ ಹೋಗಿದ್ದಾಳೆಂದು ಹದಿನಾಲ್ಕು ತಿಂಗಳು ದೂರಿದ್ದೆ. ಅವಳು ಅಲ್ಲೇ ಆ ತಟ್ಟೆಯ ಮುಂದೆಯೇ ಇದ್ದಳು, ಹೋದವನು ನಾನು.

ನೆಲದ ಮೇಲೆ ಅವಳೆದುರು ಕೂತೆ. ಮರಿಗೆಯಿಂದ ಅಕ್ಕಿಯನ್ನು ಡಬ್ಬಿಗೆ ಮತ್ತೆ ಸುರಿದೆ. ಪಾವು ತೆಗೆದುಕೊಂಡೆ. ನಾನು ಹುಟ್ಟಿದಾಗಿನಿಂದ ಆ ಮನೆಯಲ್ಲಿ ಅಕ್ಕಿ ಅಳೆದವನಲ್ಲ, ಪಾವನ್ನು ಹೇಗೆ ಹಿಡಿಯಬೇಕೆಂದೂ ಗೊತ್ತಿರಲಿಲ್ಲ. ಮುಕ್ಕಾಲು ತುಂಬಿಸಿ ಮರಿಗೆಗೆ ಹಾಕಿದೆ.

"ಇಷ್ಟು ಸಾಕು ಇಬ್ರಿಗೆ" ಎಂದೆ.

ಮರಿಗೆಯ ತಳ ಕಾಣುತ್ತಿತ್ತು. ವನಮಾಲಾ ಅದನ್ನು ನೋಡಿದಳು. ನೋಡುತ್ತ ನೋಡುತ್ತ ಅವಳ ಬಾಯಿ ಸೊಟ್ಟಗಾಯಿತು, ಆಮೇಲೆ ಗಂಟಲಿನಿಂದ ಒಂದು ಕೂಗು ಬಂತು. ಆಸ್ಪತ್ರೆಯಲ್ಲಿ ಅಳದವಳು, ಮದುವೆ ಮನೆಯಲ್ಲಿ ಅಷ್ಟು ಜನರೆದುರು ಅಳದವಳು, ಎದೆ ಬಡಿದುಕೊಂಡು ಅಳತೊಡಗಿದಳು. ಸಾವಿನ ಮನೆಯಲ್ಲಿ ಅಳುವ ಹಾಗೆಯೇ, ಎಳೆದು ಎಳೆದು. ನಾನು ಅವಳ ಕೈ ಹಿಡಿದೆ, ಬಿಡಿಸಿಕೊಂಡಳು, ಮತ್ತೆ ಹಿಡಿದೆ.

ಆ ಸದ್ದಿಗೆ ಪಕ್ಕದ ಮನೆಯ ಹೇಮಕ್ಕ ಕೈಯಲ್ಲಿದ್ದ ಹಿಟ್ಟು ತೊಳೆಯದೆ ಹಿತ್ತಿಲ ಬಾಗಿಲಿನಿಂದ ಓಡಿ ಬಂದಳು. "ಅಯ್ಯೋ ದೇವ್ರೇ, ಎಂತ ಆತು? ಯಾರು ಹೋದ್ರು?" ಎಂದಳು.

ವನಮಾಲಾ ಬಿಕ್ಕುತ್ತಲೇ ನನ್ನ ಕಡೆ ಬೆರಳು ತೋರಿಸಿದಳು. "ಇವ್ರು" ಎಂದಳು.

ಹೇಮಕ್ಕ ನನ್ನನ್ನು ನೋಡಿದಳು. ನಾನು ಎಂಬತ್ತೊಂದು ಕಿಲೋ ಜೀವ, ಕೈಯಲ್ಲಿ ಪಾವು ಹಿಡಿದು, ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ನಾನಿಲ್ಲಿ ಇದ್ದೇನಲ್ಲ ಎನ್ನಲು ಬಾಯಿ ತೆರೆದೆ. ಆ ದಪ್ಪ ಕಂಡಕ್ಟರ್ ನೆನಪಾದ. ಹದಿನೇಳು ಹೋಳಿಗೆ ತಿಂದು ನಕ್ಕವನು, ಗೊರಕೆ ಹೊಡೆದು ಇವಳನ್ನು ನಿದ್ದೆ ಮಾಡಿಸಿದವನು, ಯಾರು ಏನೆಂದರೂ ಅನ್ನದ ಜೊತೆ ನುಂಗಿ ಸುಮ್ಮನಿದ್ದವನು. ಅವನನ್ನು ಮಂಗಳೂರಿನಲ್ಲಿ ಬಿಟ್ಟು ಬಂದೆವು, ಊರವರೆಲ್ಲ ಒಳ್ಳೆಯದಾಯಿತು ಎಂದರು, ಅವನಿಗಾಗಿ ಯಾರೂ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ನಾನೂ ಹಾಕಿರಲಿಲ್ಲ. ಆಯಿ ಸತ್ತಾಗಲೂ ಅಳದವನು ನಾನು ವನಮಾಲಾಳ ಪಕ್ಕದಲ್ಲೇ ಕೂತು ಜೋರಾಗಿ ಅತ್ತೆ.

ಹೇಮಕ್ಕನಿಗೆ ಏನೂ ಅರ್ಥವಾಗಲಿಲ್ಲ. ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು, ಮರಿಗೆ ಎತ್ತಿಕೊಂಡು ಹೋಗಿ ನಮ್ಮ ಅಕ್ಕಿ ತೊಳೆದು ಒಲೆಯ ಮೇಲಿಟ್ಟಳು. ಅನ್ನ ಬೇಯುವವರೆಗೂ ನಾನು ಅಲ್ಲೇ ಕೂತಿದ್ದೆ. ವನಮಾಲಾ ಉಂಡು ಮುಗಿಸುವವರೆಗೂ ಏಳಲಿಲ್ಲ.